ತೊಟ್ಟಿಯಲ್ಲಿ ಹತ್ತು ನಿಮಿಷ

ಅರವತ್ತೆಂಟನೇ ವಯಸ್ಸಿನಲ್ಲಿ ನನಗೆ ಕೈ ತೊಳೆಯುವುದನ್ನು ಕಲಿಸಿದವಳು ಇಪ್ಪತ್ತಾರು ವರ್ಷದ ಒಬ್ಬ ನರ್ಸು. ಹೆಸರು ವನಜಾ. ಬೆಂಗಳೂರಿನ ಆಸ್ಪತ್ರೆಯ ಮಕ್ಕಳ ವಾರ್ಡಿನ ಬಾಗಿಲಲ್ಲೇ ನನ್ನನ್ನು ತಡೆದು, "ಅಜ್ಜಿ, ಕೈ ತೊಳ್ಕಂಡು ಬನ್ನಿ" ಅಂದಳು. ತೊಳೆದುಕೊಂಡು ಬಂದೆ. "ಅಂಗಲ್ಲ, ಇನ್ನೊಂದ್ಸಲ" ಅಂದಳು. ನನಗೆ ರೇಗಿಹೋಯಿತು. ನಾನು ಚಿಕ್ಕಗೌರಮ್ಮ, ತಿಪಟೂರು ಪಕ್ಕದ ಬಿಳಿಗೆರೆಯವಳು. ನಮ್ಮ ಮನೆಯ ಹಂಡೆಯಲ್ಲಿ ಮುಖ ನೋಡಿಕೊಂಡು ಕುಂಕುಮ ಇಟ್ಟುಕೊಳ್ಳಬಹುದು ಅಂತ ಊರಿನ ಹೆಂಗಸರು ಹೊಟ್ಟೆಕಿಚ್ಚು ಪಡುತ್ತಾರೆ. ಅಂಥವಳಿಗೆ ಕೈ ತೊಳೆಯುವ ಪಾಠ!

"ಏನವ್ವಾ, ನಾನೇನು ಸಗಣಿ ಬಾಚಿ ಸೀದಾ ಇಲ್ಲಿಗೆ ಬಂದಿದೀನಾ?" ಅಂತ ಕೇಳಿದೆ.

"ಬಂದಿದ್ರೂ ಬಂದಿರಬೌದು, ನಮ್ಮ ಕಡೆಯೋರಲ್ವಾ" ಅಂದಳು ಆ ಹುಡುಗಿ, ನಗುತ್ತಾ. ಹುಳಿಯಾರಿನ ಹತ್ತಿರದ ಗೊಲ್ಲರಹಟ್ಟಿಯವಳಂತೆ. ಬೆಂಗಳೂರಿನಲ್ಲಿ ನಮ್ಮ ಮಾತು ಕೇಳಿ ಸಿಟ್ಟು ಅರ್ಧ ಇಳಿಯಿತು. ಅವಳು ನನ್ನ ಕೈ ಹಿಡಿದು ನಲ್ಲಿಯ ಕೆಳಗೆ ಇಟ್ಟಳು.

"ಬಳೆ ಮೇಲಕ್ಕೇರ್ಸಿ ಅಜ್ಜಿ. ತೆಗೀಬೇಡಿ, ಏರ್ಸಿದ್ರೆ ಸಾಕು. ಬೆರಳ ಸಂದಿ, ಉಗುರಿನ ಬುಡ, ಹೆಬ್ಬೆರಳು. ಇಪ್ಪತ್ತು ಎಣಿಸೋಗಂಟ ಉಜ್ಜಿ."

ನಾನು ಬೇಕಂತಲೇ ಹತ್ತಕ್ಕೆ ನಿಲ್ಲಿಸಿದೆ. ಅವಳು ಬೇಕಂತಲೇ ಒಂದರಿಂದ ಮತ್ತೆ ಶುರು ಮಾಡಿಸಿದಳು.

ಒಳಗೆ ಮಂಚದ ಮೇಲೆ ನನ್ನ ಮೊಮ್ಮಗಳು ಭಾನುಪ್ರಿಯಾ ಕೂತಿದ್ದಳು. ನನ್ನ ಮಗ ರಂಗನಾಥನ ಒಬ್ಬಳೇ ಮಗಳು, ಆಗ ಆರು ವರ್ಷ. ರಕ್ತದ ಕ್ಯಾನ್ಸರ್ ಅಂತ ಗೊತ್ತಾಗಿ ಎರಡು ವಾರವಾಗಿತ್ತು. ಆ ಎರಡು ವಾರದಲ್ಲಿ ನಮ್ಮ ಮನೆಯಲ್ಲಿ ಆದ ಅಳುವನ್ನು ಇಲ್ಲಿ ಹೇಳಿ ನಿಮ್ಮನ್ನೂ ಅಳಿಸುವುದಿಲ್ಲ. ಮಕ್ಕಳಲ್ಲಿ ಇದು ಹೆಚ್ಚಾಗಿ ವಾಸಿಯಾಗುವಂಥದ್ದು, ಆದರೆ ಎರಡೂವರೆ ವರ್ಷ ಔಷಧಿ ತೆಗೆದುಕೊಳ್ಳಬೇಕು ಅಂದಿದ್ದರು ಡಾಕ್ಟರು. ಆ ಒಂದು ಮಾತನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದೆವು.

ಭಾನುವಿನ ಬಲರಟ್ಟೆಯ ಒಳಬದಿಯಿಂದ ಶಾವಿಗೆ ಎಳೆಯಷ್ಟು ತೆಳ್ಳನೆಯ ಒಂದು ಪೈಪು ಹೊರಗೆ ಬಂದಿತ್ತು. ಅದಕ್ಕೆ ಲೈನ್ ಅಂತಾರೆ. ಅದರ ಇನ್ನೊಂದು ತುದಿ ಒಳಗೊಳಗೇ ಹೋಗಿ ಹೃದಯದ ಹತ್ತಿರ ಇರುತ್ತದಂತೆ. ದಿನಾ ಚುಚ್ಚುವ ಬದಲು ಔಷಧಿಯನ್ನೆಲ್ಲ ಅದರಲ್ಲೇ ಬಿಡುತ್ತಾರೆ.

"ಔಷಧಿ ಹೋಗಕ್ಕೂ ಇದೇ ದಾರಿ, ರೋಗಾಣು ಹೋಗಕ್ಕೂ ಇದೇ ದಾರಿ" ಅಂದಳು ವನಜಾ. "ಕ್ಯಾನ್ಸರ್ ಔಷಧಿ ಒಳ್ಳೆ ಬಿಳಿಕಣಗಳನ್ನೂ ಸಾಯಿಸ್ತದೆ. ಮೈಯೊಳಗೆ ಕಾವಲು ಇರಲ್ಲ. ಇಲ್ಲಿಂದ ಒಂದು ರೋಗಾಣು ಒಳಕ್ಕೋದ್ರೆ ಸೀದಾ ರಕ್ತಕ್ಕೇ. ಕ್ಯಾನ್ಸರ್‌ಗಿಂತ ಮುಂಚೆ ಅದೇ ಮಗೂನ ತಗಂಡೋಗ್ಬಿಡುತ್ತೆ ಅಜ್ಜಿ."

ನಾನು ಹುಬ್ಬು ಗಂಟಿಕ್ಕಿಕೊಂಡು ನಿಂತಿದ್ದು ನೋಡಿ ಅವಳೇ ಕೇಳಿದಳು. "ಕೊಬ್ಬರಿಗೆ ಅಂತ ಅಟ್ಟಕ್ಕೆ ಕಾಯಿ ಹಾಕಿರ್ತೀರಲ್ಲ. ಅದರಲ್ಲಿ ಒಂದು ಕಾಯಿ ಚಿಪ್ಪು ಕೂದಲೆಳೆಯಷ್ಟು ಬಿರುಕು ಬಿಟ್ಟಿದ್ರೆ ಏನಾಗುತ್ತೆ?"

"ಒಳಗೆಲ್ಲ ಕೊಳೆತು ನಾರ್ತದೆ."

"ಹೊರಗಡೆಯಿಂದ ಗೊತ್ತಾಗುತ್ತಾ?"

"ಒಡೆಯೋಗಂಟ ಎಲ್ಲಿ ಗೊತ್ತಾಗುತ್ತೆ?"

"ಇದೂ ಅಷ್ಟೇ."

ನಲವತ್ತೆಂಟು ವರ್ಷ ಕೊಬ್ಬರಿ ಮನೆಯಲ್ಲಿ ಬಾಳಿದವಳಿಗೆ ಇದಕ್ಕಿಂತ ಬಿಡಿಸಿ ಹೇಳಬೇಕಾಗಿಲ್ಲ. ಅವತ್ತು ಮೂರನೇ ಸಲ ನಾನಾಗಿಯೇ ಹೋಗಿ ಕೈ ತೊಳೆದುಕೊಂಡೆ. ಇಪ್ಪತ್ತೈದರವರೆಗೆ ಎಣಿಸಿದೆ.

ಔಷಧಿಯ ಒಂದು ಸುತ್ತು ಮುಗಿದ ಮೇಲೆ ಸ್ವಲ್ಪ ದಿನ ಮನೆಗೆ ಬಿಡುತ್ತಿದ್ದರು. ಆ ದಿನಗಳಲ್ಲಿ ನಮ್ಮ ಮನೆಯಲ್ಲಿ ನನ್ನ ಸೊಸೆ ಅನಿತಾಳದೇ ದರ್ಬಾರು. ಅವಳು ಆಸ್ಪತ್ರೆಯಿಂದ ಒಂದು ಹಾಳೆ ತಂದು ಕ್ಯಾಲೆಂಡರಿನ ಪಕ್ಕ ಮೊಳೆಗೆ ನೇತುಹಾಕಿದ್ದಳು. ಜ್ವರ ನೂರು ಪಾಯಿಂಟ್ ನಾಲ್ಕು ದಾಟಿದರೆ ಮಾತ್ರೆ ಕೊಡಬೇಡಿ, ಕಾಯಬೇಡಿ, ಒಂದು ಗಂಟೆಯೊಳಗೆ ಹತ್ತಿರದ ಆಸ್ಪತ್ರೆಯಲ್ಲಿ ಈ ಇಂಜೆಕ್ಷನ್ ಹಾಕಿಸಿ ಆಮೇಲೆ ಇಲ್ಲಿಗೆ ಬನ್ನಿ ಅಂತ ಬರೆದಿತ್ತು. ಲೈನ್ ಒದ್ದೆಯಾಗಬಾರದು ಅನ್ನುವುದಕ್ಕೆ ಕೆಂಪು ಗೆರೆ ಎಳೆದಿದ್ದರು. ಹಸಿ ತರಕಾರಿ ಬೇಡ, ಕತ್ತರಿಸಿಟ್ಟ ಹಣ್ಣು ಬೇಡ, ಎಳನೀರು ಕೂಡ ಬೇಡ.

ಎಳನೀರು ಬೇಡ ಅಂದಾಗ ನಮ್ಮ ಯಜಮಾನರು ಈರಣ್ಣನವರು ಜಗಲಿಯ ಮೇಲೆ ತಲೆ ಮೇಲೆ ಕೈ ಹೊತ್ತು ಕೂತುಬಿಟ್ಟರು. "ನಾನೂರು ಮರ ಇಟ್ಕಂಡು ಮಗೀಗೆ ಒಂದು ಎಳನೀರು ಕೊಡಂಗಿಲ್ವಂತಲ್ಲೇ!" "ಆ ನೀರಿಗೆ ಏನೂ ಆಗಿಲ್ಲ ಕಣ್ರೀ, ನಿಮ್ಮ ಮಚ್ಚು ನೋಡ್ಕಳಿ" ಅಂದೆ. ಅವರ ಮಚ್ಚಿನಲ್ಲಿ ಬೆಳಿಗ್ಗೆ ಗರಿ ಸವರುತ್ತಾರೆ, ಮಧ್ಯಾಹ್ನ ಹಗ್ಗ ಕೊಯ್ಯುತ್ತಾರೆ, ಸಂಜೆ ಅದರ ತುದಿಯಲ್ಲೇ ಕಾಲಿನ ಮುಳ್ಳು ತೆಗೆದುಕೊಳ್ಳುತ್ತಾರೆ.

ಆದರೆ ಹಿಡಿದ ಕೆಲಸ ಬಿಡುವವರಲ್ಲ ನಮ್ಮೋರು. ಮಾರನೇ ದಿನವೇ ಗೇಟಿನ ಪಕ್ಕ ಒಂದು ನಲ್ಲಿ ಹಾಕಿಸಿ, ಈರುಳ್ಳಿ ಬರುವ ಬಲೆ ಚೀಲದಲ್ಲಿ ಸೋಪು ಕಟ್ಟಿ ತೂಗುಬಿಟ್ಟರು. ಯಾರೇ ಬರಲಿ ಅಲ್ಲಿ ಕೈ ತೊಳೆಯಬೇಕು. ಇವರು ಕುರ್ಚಿ ಹಾಕಿಕೊಂಡು ಕೂತು ಗಟ್ಟಿಯಾಗಿ ಎಣಿಸುತ್ತಿದ್ದರು. ಪಕ್ಕದ ತೋಟದ ಶಂಭುಲಿಂಗಯ್ಯ ಹದಿನಾಲ್ಕಕ್ಕೇ ಕೈ ಕೊಡವಿದ್ದಕ್ಕೆ, "ಇನ್ನೂ ಆರು ಬಾಕಿ ಐತೆ ಕಣಯ್ಯ" ಅಂತ ದೊಣ್ಣೆ ಅಡ್ಡ ಇಟ್ಟರು. ಶಂಭುಲಿಂಗಯ್ಯ ಮುನಿಸಿಕೊಂಡು ಹೋಗಿ ಎರಡು ದಿನ ಈ ಕಡೆ ತಲೆ ಹಾಕಲಿಲ್ಲ. ಮೂರನೇ ದಿನ ಬಂದು ಮೂವತ್ತರವರೆಗೆ ತೊಳೆದು, "ಸಾಕೇನಪ್ಪ, ಇಲ್ಲಾ ತೋಳೂ ತೊಳೀಲಾ?" ಅಂದರು. ಒಳಗೆ ಕಿಟಕಿಯಲ್ಲಿ ನಿಂತು ಎಣಿಸುತ್ತಿದ್ದ ಭಾನುವಿಗೆ ಅದೇ ಆಟ.

ನಾನೂ ಕಾವಲು ಕಾಯುವುದರಲ್ಲಿ ಕಡಿಮೆ ಇರಲಿಲ್ಲ. ಆದರೂ ಒಂದು ಮಾತು ಒಪ್ಪಿಕೊಳ್ಳಬೇಕು. ಅನಿತಾ ಪ್ರತಿಯೊಂದಕ್ಕೂ "ಬೇಡ ಅತ್ತೆ", "ಅಂಗೆ ಮಾಡ್ಬೇಡಿ ಅತ್ತೆ" ಅನ್ನುವುದು ನನಗೆ ಒಳಗೊಳಗೇ ಚುಚ್ಚುತ್ತಿತ್ತು. ಲೈನನ್ನು ವಾರಕ್ಕೊಮ್ಮೆ ಸಿರಿಂಜಿನಲ್ಲಿ ಔಷಧದ ಉಪ್ಪುನೀರು ಬಿಟ್ಟು ತೊಳೆಯಬೇಕು, ಅದಕ್ಕೆ ಫ್ಲಶ್ ಅಂತಾರೆ. ವನಜಾ ಅದನ್ನು ಅನಿತಾಳಿಗೆ ಕಲಿಸಿದ್ದಳು, ನನಗೆ ಕಲಿಸಿರಲಿಲ್ಲ. ಮೂರು ಮಕ್ಕಳನ್ನು ಹೆತ್ತು ಸಾಕಿದವಳು ನಾನು, ನನಗೆ ಗೊತ್ತಿಲ್ಲದ ಮಗುವಿನ ಕೆಲಸ ಯಾವುದಿದೆ ಅಂತ ಮನಸ್ಸಿನಲ್ಲೇ ಹಲ್ಲು ಕಡಿಯುತ್ತಿದ್ದೆ.

ಎಂಟು ತಿಂಗಳು ಹೀಗೇ ಕಳೆಯಿತು. ಏಪ್ರಿಲ್ ಬಂತು, ಬಿಸಿಲಿಗೆ ತೋಟದೊಳಗೂ ಬೆವರು. ಒಂದು ಮಧ್ಯಾಹ್ನ ಅನಿತಾ ಔಷಧಿ, ಸಿರಿಂಜು ತರಲು ತಿಪಟೂರಿಗೆ ಹೋದಳು. ರಂಗನಾಥ ಕೊಬ್ಬರಿ ಹೇರಿಕೊಂಡು ಮಾರ್ಕೆಟ್ಟಿಗೆ ಹೋಗಿದ್ದ. ನಮ್ಮ ಯಜಮಾನರು ಮುಖದ ಮೇಲೆ ಪೇಪರು ಹಾಕಿಕೊಂಡು ಮಲಗಿದ್ದರು. ಅಷ್ಟರಲ್ಲಿ ತ್ರೀಫೇಸ್ ಕರೆಂಟು ಬಂದು ತೋಟದ ಮೋಟರು ತಾನಾಗಿಯೇ ಶುರುವಾಯಿತು. ತೊಟ್ಟಿಗೆ ನೀರು ಬೀಳುವ ಸದ್ದು ಮನೆಯವರೆಗೂ ಕೇಳಿಸುತ್ತದೆ. ನಮ್ಮ ಕಡೆ ಮಕ್ಕಳು ಬೇಸಿಗೆ ಕಳೆಯುವುದೇ ಆ ಪೈಪಿನ ಕೆಳಗೆ.

"ಅಜ್ಜಿ, ನೀರು ಬಂತು" ಅಂದಳು ಭಾನು.

"ಬರಲಿ ಬುಡು."

"ಬರೀ ನೋಡ್ಕಂಡು ಬರಾಣ."

ನೋಡಲು ಹೋದೆವು. ನೋಡಿದ ಮೇಲೆ "ಕಾಲು ಮಾತ್ರ" ಅಂದಳು. ಕಾಲು ಇಳಿಬಿಟ್ಟು ಕೂತ ಮೇಲೆ "ಮಂಡಿಗಂಟ" ಅಂದಳು. ಕೂದಲೆಲ್ಲ ಉದುರಿದ ಪುಟ್ಟ ತಲೆ, ಹುಬ್ಬೂ ಇಲ್ಲ, ಅದರ ನಡುವೆ ಎರಡು ದೊಡ್ಡ ಕಣ್ಣು. ಎಂಟು ತಿಂಗಳಿಂದ ಈ ಕೂಸು ಒಂದನ್ನೂ ಬೇಕು ಅಂತ ಕೇಳಿರಲಿಲ್ಲ. ಔಷಧಿ ಅಂದರೆ ಬಾಯಿ ತೆರೆಯುತ್ತಿತ್ತು, ಸೂಜಿ ಅಂದರೆ ಕೈ ಚಾಚುತ್ತಿತ್ತು. ಕೇಳಿದ್ದು ಇದೊಂದೇ.

ಅಲ್ಲದೆ ನಮ್ಮ ಬೋರ್‌ವೆಲ್ ನೀರು. ಐನೂರು ಅಡಿ ಆಳದಿಂದ ಬರುವ, ಕನ್ನಡಿಯಂಥ ನೀರು. ನಲವತ್ತೆಂಟು ವರ್ಷದಿಂದ ಈ ಭೂಮಿಯ ನೀರನ್ನೇ ಕುಡಿದಿದ್ದೇನೆ. ಈ ನೀರಿನಲ್ಲಿ ಕೊಳೆ ಎಲ್ಲಿಂದ ಬರಬೇಕು ಅಂದುಕೊಂಡೆ. ತೊಟ್ಟಿಯ ಗೋಡೆಗೆ ಹಸಿರು ಪಾಚಿ ಕಟ್ಟಿದ್ದು ಕಣ್ಣೆದುರಿಗೇ ಇತ್ತು. ಅದು ಮದುವೆಯಾಗಿ ಬಂದಾಗಿನಿಂದ ನೋಡಿದ ಪಾಚಿ, ಅದನ್ನು ಕೊಳೆ ಅಂತ ಯಾರು ಲೆಕ್ಕಕ್ಕೆ ತಗೊಳ್ಳುತ್ತಾರೆ?

ಮನೆಯೊಳಗಿಂದ ಸೀರೆ ಅಂಗಡಿಯ ಒಂದು ಪ್ಲಾಸ್ಟಿಕ್ ಕವರು ತಂದೆ. ರಟ್ಟೆಗೆ ಸುತ್ತಿ ಮೇಲೆ ಕೆಳಗೆ ರಬ್ಬರ್ ಬ್ಯಾಂಡು ಹಾಕಿದೆ. "ಕೈ ಮೇಲಕ್ಕೆ ಎತ್ಕಂಡಿರಬೇಕು. ಹತ್ತೇ ನಿಮಿಷ ಕಣೇ" ಅಂದೆ.

ಕೈ ಮೇಲೆತ್ತಿಕೊಂಡೇ ಇಳಿದಳು. ಪಾಚಿಗೆ ಕಾಲು ಜಾರಿ ಬುಳುಕ್ ಅಂತ ಮುಳುಗಿ ಎದ್ದಳು. ನಾನು ಕಟ್ಟೆಯಿಂದ ಬಗ್ಗಿ ಕೈ ಚಾಚಿದೆ. ಎದ್ದವಳು ಅಳಲಿಲ್ಲ, ನಕ್ಕಳು. ಭಾನು ನಗುವುದು ಒಂದು ಥರ. ಹೊಟ್ಟೆ ಹಿಡಿದುಕೊಂಡು ನಕ್ಕು ನಕ್ಕು, ಉಸಿರು ಸಾಲದೆ ಕೊನೆಗೆ ಮೂಗಿನಲ್ಲಿ "ಗೊರ್ರ್" ಅಂತ ಹಂದಿಮರಿ ಥರ ಸದ್ದು ಮಾಡುತ್ತಾಳೆ. ಆ ಗೊರ್ರ್ ಕೇಳಿ ಎಂಟು ತಿಂಗಳಾಗಿತ್ತು. ನಾನು ತೊಟ್ಟಿಯ ಕಟ್ಟೆಯ ಮೇಲೆ ಕೂತು ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ. ಪೈಪಿನ ನೀರು ಅವಳ ಬೋಳುತಲೆಗೆ ಬಿದ್ದು ನಾಲ್ಕು ಕಡೆಗೆ ಚಿಮ್ಮುತ್ತಿತ್ತು. ಹತ್ತು ನಿಮಿಷ ಅಂದದ್ದು ಇಪ್ಪತ್ತಾಗಿರಬೇಕು.

ಹೊರಗೆ ತೆಗೆದಾಗ ಕವರಿನೊಳಗೆ ಅರ್ಧ ನೀರು ತುಂಬಿತ್ತು. ಲೈನಿನ ಮೇಲಿನ ಅಂಟುಪಟ್ಟಿ ಒಂದು ಮೂಲೆಯಲ್ಲಿ ಎದ್ದಿತ್ತು. ಸೆರಗಿನಲ್ಲಿ ಒತ್ತಿ ಒತ್ತಿ ಒರೆಸಿ, ಎದ್ದ ಮೂಲೆಯನ್ನು ಹೆಬ್ಬೆರಳಿನಲ್ಲಿ ಅದುಮಿದೆ. ಅಂಟಿಕೊಂಡಿತು. ಬಿಸಿಲಿನಲ್ಲಿ ನಿಲ್ಲಿಸಿ ಒಣಗಿಸಿ, ಬೇರೆ ಬಟ್ಟೆ ಹಾಕಿದೆ.

"ಅಮ್ಮಂಗೆ ಹೇಳ್ಬೇಡ ಕಣೇ" ಅಂದೆ.

"ಹೇಳಲ್ಲ" ಅಂತ ನನ್ನ ಕೈಮೇಲೆ ಕೈ ಇಟ್ಟಳು.

ಮೂರನೇ ದಿನ ಬೆಳಿಗ್ಗೆ ಹತ್ತು ಗಂಟೆಗೆ ಅನಿತಾ ಲೈನ್ ತೊಳೆದಳು. ಅರ್ಧ ಗಂಟೆಯೂ ಆಗಿಲ್ಲ, ಭಾನುವಿಗೆ ನಡುಕ ಹತ್ತಿತು. ಅಂತಿಂಥ ನಡುಕವಲ್ಲ, ಮಂಚವೇ ಕಿರುಗುಟ್ಟುವಂಥದ್ದು. ನಾನು ಕಂಬಳಿ ತರಲು ಓಡಿದೆ. ಅನಿತಾ ಥರ್ಮಾಮೀಟರ್ ಇಟ್ಟಳು. ನೂರಾ ಎರಡು. ಅವಳು ಒಂದು ಕ್ಷಣವೂ ನಿಲ್ಲಲಿಲ್ಲ. ಮೊಳೆಯಲ್ಲಿದ್ದ ಹಾಳೆ ಕಿತ್ತುಕೊಂಡು, ಮಗುವನ್ನು ಎತ್ತಿಕೊಂಡು, "ರೀ, ಗಾಡಿ ತೆಗೀರಿ" ಅಂತ ರಂಗನಾಥನಿಗೆ ಕೂಗಿದಳು. ಇಪ್ಪತ್ತು ನಿಮಿಷದಲ್ಲಿ ತಿಪಟೂರಿನ ಆಸ್ಪತ್ರೆಯಲ್ಲಿದ್ದೆವು. ಹಾಳೆಯಲ್ಲಿ ಬರೆದಿದ್ದ ಇಂಜೆಕ್ಷನ್ ಹಾಕಿ, ಆ್ಯಂಬುಲೆನ್ಸ್ ಮಾಡಿಕೊಟ್ಟು, ಬೆಂಗಳೂರಿಗೆ ಫೋನ್ ಮಾಡಿದರು. ರಂಗನಾಥ ಮುಂದೆ ಕೂತ. ನಾನೂ ಅನಿತಾಳೂ ಹಿಂದೆ, ಮಗುವಿನ ಎರಡು ಪಕ್ಕ.

ನನ್ನ ಬಾಯಿ ಸುಮ್ಮನಿದ್ದದ್ದನ್ನು ಊರಲ್ಲಿ ಯಾರೂ ಕಂಡಿಲ್ಲ. ಅವತ್ತು ಗುಬ್ಬಿ ದಾಟಿತು, ತುಮಕೂರು ದಾಟಿತು, ನಾನು ಒಂದು ಮಾತಾಡಲಿಲ್ಲ. ಜ್ವರಕ್ಕೆ ಬೇರೆ ಏನೋ ಕಾರಣ ಇರಬಹುದು, ಇಂಜೆಕ್ಷನ್ ಕೊಟ್ಟಿದ್ದಾರೆ, ಇಳಿಯುತ್ತದೆ, ಯಾಕೆ ಸುಮ್ಮನೆ ತೊಟ್ಟಿಯ ಮಾತು ಎತ್ತಬೇಕು ಅಂತ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ನಾಚಿಕೆಯಾಗುತ್ತದೆ ಬರೆಯುವುದಕ್ಕೂ.

ಅಷ್ಟರಲ್ಲಿ ಅನಿತಾ ಅಳುತ್ತಾ ಅಂದಳು. "ನಂದೇ ತಪ್ಪು ಅತ್ತೆ. ಫ್ಲಶ್ ಮಾಡಿದ ಮೇಲೇ ನಡುಕ ಬಂದಿದ್ದು. ನಾನು ಕೈ ಸರಿಯಾಗಿ ತೊಳೀಲಿಲ್ವೇನೋ. ನಾನೇ ನನ್ನ ಮಗೂಗೆ ವಿಷ ಹಾಕ್ದೆ."

ಆಗಲಾದರೂ ಹೇಳಬೇಕಿತ್ತು. ಹೇಳಲಿಲ್ಲ. ಅವಳ ಬೆನ್ನು ಸವರಿದೆ. ಸವರಿದ ಕೈಯನ್ನು ಕತ್ತರಿಸಿ ಹಾಕಬೇಕು ಅನ್ನಿಸಿತು.

ಆಸ್ಪತ್ರೆಯಲ್ಲಿ ಡಾಕ್ಟರ್ ಮಹಾಂತೇಶ್ ಕಾಯುತ್ತಿದ್ದರು. ಬಾಗಲಕೋಟೆ ಕಡೆಯವರು, ಹೆಂಗಸರನ್ನೆಲ್ಲ "ಅಮ್ಮಾರ" ಅನ್ನುತ್ತಾರೆ. ಲೈನಿನಿಂದ ಒಂದು ಪುಟ್ಟ ಬಾಟಲಿ, ಇನ್ನೊಂದು ಕೈಯಿಂದ ಒಂದು ಪುಟ್ಟ ಬಾಟಲಿ ರಕ್ತವನ್ನು ಪರೀಕ್ಷೆಗೆ ತೆಗೆಸಿದರು. ಬಿ.ಪಿ. ನೋಡಿದರು. ಮತ್ತೊಮ್ಮೆ ನೋಡಿದರು. ಅವರ ಮುಖದಲ್ಲಿ ನಗು ಇರಲಿಲ್ಲ.

"ರಕ್ತದಾಗ ನಂಜು ಏರಾಕತ್ತೇತಿ, ಬಿ.ಪಿ. ಇಳಿಯಾಕತ್ತೇತಿ" ಅಂದರು. "ಯಾವ ರೋಗಾಣು ಅಂತ ಗೊತ್ತಾಗಾಕ ಎರಡು ದಿನ ಬೇಕ್ರಿ. ಅಲ್ಲೀತನಕ ಅಂದಾಜಿನ ಮ್ಯಾಲೆ ಔಷಧಿ ಕೊಡಬೇಕು. ಲೈನ್ ತೆಗೆದುಬಿಟ್ರ ಇಷ್ಟು ಸಣ್ಣ ಕೂಸಿಗೆ ಮತ್ತ ನರ ಸಿಗೂದು ಕಷ್ಟ, ಅದಕ್ಕ ಉಳಿಸಿಕೊಂಡು ನೋಡೂಣು ಅಂತ ಮಾಡೀನಿ. ಒಂದು ಹೇಳ್ರಿ ಅಮ್ಮಾರ, ಲೈನಿಗೆ ನೀರು ಹತ್ತಿತ್ತೇನು? ನೀರಿನ ರೋಗಾಣು ಆದ್ರ ಲೆಕ್ಕಾನ ಬ್ಯಾರೆ."

"ಇಲ್ಲ ಸರ್" ಅಂದಳು ಅನಿತಾ. "ನಾನೇ ಫ್ಲಶ್ ಮಾಡುವಾಗ..."

ಡಾಕ್ಟರು ಮಂಚದ ಮೇಲೆ ಬಗ್ಗಿದರು. "ಪುಟ್ಟಿ, ನೀನು ಹೇಳವ್ವ. ನೀರಾಗ ಆಡಿದ್ದೇನು?"

ಭಾನುವಿನ ಹಲ್ಲು ಕಟಕಟ ಅನ್ನುತ್ತಿತ್ತು. ತುಟಿ ನೀಲಿಯಾಗಿತ್ತು. ಅವಳು ಡಾಕ್ಟರನ್ನು ನೋಡಲಿಲ್ಲ, ನನ್ನನ್ನು ನೋಡಿದಳು. ನೋಡಿ, ಇಲ್ಲ ಅಂತ ತಲೆಯಾಡಿಸಿದಳು.

ಅಯ್ಯೋ ನನ್ನ ಕಂದಾ! ಸಾವಿನ ದವಡೆಯಲ್ಲಿ ಇದ್ದುಕೊಂಡು ಈ ಮುದುಕಿಗೆ ಕೊಟ್ಟ ಮಾತು ಉಳಿಸಿಕೊಂಡಿತು ಆ ಕೂಸು. ನಾನು ಡಾಕ್ಟರ ಕೈ ಹಿಡಿದುಕೊಂಡೆ.

"ಆಡಿದಾಳೆ ಸ್ವಾಮಿ! ತೊಟ್ಟಿ ನೀರಲ್ಲಿ ಮುಳುಗಿ ಎದ್ದಿದಾಳೆ. ಮೊನ್ನೆ ಮಧ್ಯಾಹ್ನ. ನಾನೇ ಇಳಿಸ್ದೆ. ಕವರಿನೊಳಗೆ ನೀರು ತುಂಬಿತ್ತು, ಪಟ್ಟಿ ಎದ್ದಿತ್ತು, ನನ್ನ ಸೆರಗಲ್ಲಿ ಒರೆಸಿ ಅದುಮ್ದೆ. ಪಾಚಿ ಕಟ್ಟಿದ ತೊಟ್ಟಿ. ಈ ಹುಡುಗಿ ಕೈಯಲ್ಲಿ ಏನೂ ತಪ್ಪಿಲ್ಲ. ಎಲ್ಲಾ ನಂದೇ."

ಭಾನು ಸಣ್ಣ ದನಿಯಲ್ಲಿ, "ಅಜ್ಜಿ, ಹೇಳ್ಬೇಡ ಅಂದಿದ್ದೆ ನೀನೇ" ಅಂದಳು.

ಅನಿತಾ ನನ್ನ ಕಡೆ ತಿರುಗಿದಳು. ಮಂಚದ ಆ ಕಡೆಗೆ ಸರಿದು ನಿಂತಳು. ಬೈದಿದ್ದರೆ ಚೆನ್ನಾಗಿತ್ತು. ಡಾಕ್ಟರು ಮಾತ್ರ ಒಂದು ಕ್ಷಣವೂ ತಡ ಮಾಡಲಿಲ್ಲ. "ಸಿಟ್ಟಿಗೇಳೂದು ಆಮ್ಯಾಲೆ. ಛಲೋ ಮಾಡಿದ್ರಿ ಹೇಳಿ" ಅಂದು ವನಜಾಳನ್ನು ಕೂಗಿದರು. ಔಷಧಿ ಬದಲಾಯಿತು, ಇನ್ನೊಂದು ಸೇರಿತು. ಅರ್ಧ ಗಂಟೆಯಲ್ಲಿ ಆ ಲೈನನ್ನೇ ಹೊರಗೆ ತೆಗೆದುಬಿಟ್ಟರು. ನಮ್ಮನ್ನು ಹೊರಗೆ ಕಳಿಸಿದರು.

ಹೊರಗಿನ ಬೆಂಚಿನ ಮೇಲೆ ಅನಿತಾ ಒಂದು ತುದಿ, ನಾನೊಂದು ತುದಿ. ನಡುವೆ ರಂಗನಾಥ, ಯಾರ ಕಡೆ ತಿರುಗಬೇಕು ಅಂತ ಗೊತ್ತಾಗದೆ ಎದುರಿನ ಗೋಡೆ ನೋಡುತ್ತಾ. ನಮ್ಮ ಯಜಮಾನರು ಊರಿನಿಂದ ಗಳಿಗೆಗೊಂದು ಫೋನ್ ಮಾಡುತ್ತಿದ್ದರು. ನಾನು ನಡೆದದ್ದನ್ನೆಲ್ಲ ಹೇಳಿದೆ. ಬೈಯಲಿ ಅಂತ ಕಾದೆ. ಅವರು, "ನಾನು ಮಲಗಿದ್ನಲ್ಲೇ, ಇಬ್ಬರ ತಪ್ಪೂ ಐತೆ ಬುಡು" ಅಂದರು. ಅದನ್ನು ಕೇಳಿ ಬಿಕ್ಕಿ ಬಿಕ್ಕಿ ಅತ್ತೆ.

ಸಂಜೆಯ ಹೊತ್ತಿಗೆ ಬಿ.ಪಿ. ಇಳಿಯುವುದು ನಿಂತಿತು. ಮಾರನೇ ದಿನ ಮಧ್ಯಾಹ್ನ ಜ್ವರ ನೂರಕ್ಕೆ ಬಂತು. ಮೂರನೇ ದಿನ ಭಾನು ಇಡ್ಲಿ ಕೇಳಿದಳು. ವನಜಾ ಓಡಿ ಬಂದು, "ಅಜ್ಜಿ, ಇಡ್ಲಿ ಕೇಳ್ತಾ ಅವ್ಳೆ!" ಅಂತ ಕೂಗಿದ್ದಕ್ಕೆ ಪಕ್ಕದ ಮಂಚದ ಮಗುವಿನ ತಾಯಿ ಕೂಡ ಕಣ್ಣೊರೆಸಿಕೊಂಡಳು. ಅವತ್ತೇ ರಿಪೋರ್ಟೂ ಬಂತು. ನೀರಿನಲ್ಲಿ, ಪಾಚಿಯಲ್ಲಿ ಇರುವ ರೋಗಾಣುವೇ. ಲೈನಿನೊಳಗೆ ಕೂತಿದ್ದದ್ದು ಫ್ಲಶ್ ಮಾಡಿದಾಗ ರಕ್ತಕ್ಕೆ ನುಗ್ಗಿತ್ತಂತೆ. ಲೈನನ್ನು ಒಳಗೆ ಬಿಟ್ಟುಕೊಂಡು ಎರಡು ದಿನ ಕಾದಿದ್ದರೆ ಮಗು ನಮ್ಮ ಕೈಗೆ ಸಿಗುತ್ತಿತ್ತೋ ಇಲ್ಲವೋ ಅಂದರು ಡಾಕ್ಟರ್ ಮಹಾಂತೇಶ್.

ಅನಿತಾ ಇನ್ನೂ ನನ್ನ ಹತ್ತಿರ ಮಾತಾಡಿರಲಿಲ್ಲ. ಕಾಫಿ ತಂದರೆ ನನ್ನ ಪಕ್ಕ ಇಟ್ಟು ಹೋಗುತ್ತಿದ್ದಳು, ಅಷ್ಟೇ. ಆ ಸಂಜೆ ಅವಳಾಗಿಯೇ ಬಂದು ಬೆಂಚಿನ ಮೇಲೆ ನನ್ನ ಪಕ್ಕ ಕೂತಳು.

"ಮೂರು ಗಂಟೆ ಅಳಿಸಿದ್ರಿ ನನ್ನ" ಅಂದಳು.

"ಬೈಯವ್ವ. ಬಾಯಿಗೆ ಬಂದಂಗೆ ಬೈದುಬುಡು."

ಬೈಯಲಿಲ್ಲ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾ ಕೇಳಿದಳು. "ತೊಟ್ಟೀಲಿ ನಕ್ಕಳಾ?"

"ನಕ್ಕಳು" ಅಂದೆ.

"ಹೆಂಗೆ?"

"ಮೊದ್ಲಿನಂಗೇ."

"ಗೊರ್ರ್ ಅಂದಳಾ?"

"ಅಂದಳು ಕಣವ್ವ. ಎರಡು ಸಲ."

"ಒಂದ್ಸಲ ಮಾಡಿ ತೋರ್ಸಿ ಅತ್ತೆ" ಅಂದಳು ಅನಿತಾ. ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು. "ನಾನು ಅದನ್ನ ಕೇಳಿ ಎಂಟು ತಿಂಗಳಾಯ್ತು."

ಬೆಂಗಳೂರಿನ ದೊಡ್ಡ ಆಸ್ಪತ್ರೆಯ ವರಾಂಡದಲ್ಲಿ, ಬಿಳಿ ಕೋಟು ಹಾಕಿಕೊಂಡವರು ಓಡಾಡುವ ಜಾಗದಲ್ಲಿ, ಬಿಳಿಗೆರೆ ಚಿಕ್ಕಗೌರಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕು ಮೂಗಿನಲ್ಲಿ ಗೊರ್ರ್ ಅಂದಳು. ಅನಿತಾ ಅಳುತ್ತಲೇ ನಕ್ಕಳು. "ಇನ್ನೊಂದ್ಸಲ" ಅಂದಳು. ಇನ್ನೊಂದು ಸಲವೂ ಮಾಡಿದೆ. ಬಾಗಿಲಿನಿಂದ ವನಜಾ ಇಣುಕಿ, "ಯಾರ್ರೀ ಅದು ಹಂದಿ ತಂದಿರೋರು ವಾರ್ಡಿಗೆ?" ಅಂದಳು. ಒಳಗಿನಿಂದ ಭಾನುವಿನ ಸಣ್ಣ ನಗು ಕೇಳಿಸಿತು. ನಾವಿಬ್ಬರೂ ಒಬ್ಬರ ಕೈ ಒಬ್ಬರು ಹಿಡಿದುಕೊಂಡು ಅದನ್ನು ಕೇಳಿದೆವು.

ಹದಿನಾಲ್ಕು ದಿನ ಔಷಧಿ ಕೊಟ್ಟು, ಆಮೇಲೆ ಇನ್ನೊಂದು ಕೈಗೆ ಹೊಸ ಲೈನ್ ಹಾಕಿದರು. ಆ ಸಲ ಅದನ್ನು ತೊಳೆಯುವುದನ್ನು ವನಜಾ ನನಗೂ ಕಲಿಸಿದಳು. ಕಲಿಸು ಅಂತ ಹೇಳಿದವಳು ಅನಿತಾ. ಬಳೆ ಏರಿಸಿ, ಕೈ ತೊಳೆದು, ಮುಚ್ಚಳವನ್ನು ಸ್ಪಿರಿಟ್ಟಿನಲ್ಲಿ ಹದಿನೈದು ಎಣಿಸುವವರೆಗೆ ಉಜ್ಜಿ, ಒಣಗುವವರೆಗೆ ಕಾದು. ಒಂದು ದಿನ ಹೊಸದಾಗಿ ಬಂದ ಯಾರೋ ಡಾಕ್ಟರು ಅವಸರದಲ್ಲಿ ಐದಕ್ಕೇ ನಿಲ್ಲಿಸಿದ್ದಕ್ಕೆ, "ಇನ್ನೂ ಹತ್ತು ಬಾಕಿ ಅದೆ ಕಣಪ್ಪ" ಅಂತ ಕೈ ಹಿಡಿದೆ. ಪಾಪ, ಹೆದರಿ ಇಪ್ಪತ್ತರವರೆಗೆ ಉಜ್ಜಿದ.

ಆಮೇಲೆ ಮತ್ತೆ ಎರಡು ಸಲ ಜ್ವರ ಬಂತು. ಎರಡು ಸಲವೂ ಗಂಟೆಯೊಳಗೆ ಇಂಜೆಕ್ಷನ್ ಬಿತ್ತು, ಎರಡು ಸಲವೂ ಗೆದ್ದು ಬಂದೆವು. ಡಾಕ್ಟರು ಏನೇ ಕೇಳಿದರೂ ಮೊದಲು ಬಾಯಿ ಬಿಡುತ್ತಿದ್ದವಳು ನಾನೇ. ಕೇಳದಿದ್ದದ್ದನ್ನೂ ಹೇಳುತ್ತಿದ್ದೆ. "ಅಮ್ಮಾರ, ನಿಮ್ಮ ಮಂಡಿನೋವು ಆಮ್ಯಾಲೆ ನೋಡೂಣ್ರಿ" ಅನ್ನುತ್ತಿದ್ದರು ಅವರು.

ಈ ವರ್ಷ ಮಾರ್ಚಿಗೆ ಔಷಧಿ ಮುಗಿಯಿತು. ಲೈನನ್ನು ಅದಕ್ಕೂ ಮೊದಲೇ ತೆಗೆದಿದ್ದರು. ಏಪ್ರಿಲ್ ಕೊನೆಗೆ ರಕ್ತಪರೀಕ್ಷೆ ಮಾಡಿ, ಬಿಳಿಕಣಗಳು ಬೇಕಾದಷ್ಟು ಇವೆ, ಇನ್ನು ಎಲ್ಲ ಮಕ್ಕಳ ಹಾಗೆ ಇರಲಿ ಅಂದರು. ಅನಿತಾ ನನ್ನ ಮುಖ ನೋಡಿ ಡಾಕ್ಟರನ್ನು ಕೇಳಿದಳು, "ನೀರಲ್ಲಿ ಆಡಬೌದಾ ಸರ್?"

"ಆಡಲಿ ಬಿಡ್ರಿ. ತೊಟ್ಟಿ ತೊಳೀರಿ ಮದಲ."

ಅದನ್ನು ಕೇಳಿದ ನಮ್ಮ ಯಜಮಾನರು ತೊಟ್ಟಿ ಖಾಲಿ ಮಾಡಿಸಿ, ತಾವೇ ಒಳಗಿಳಿದು ಎರಡು ದಿನ ಪಾಚಿ ಕೆರೆದರು. ತೆಂಗಿನ ನಾರಿನಲ್ಲಿ ಉಜ್ಜಿ, ಬ್ಲೀಚಿಂಗ್ ಪುಡಿ ಹಾಕಿ ತೊಳೆದು, ಮೂರು ದಿನ ಒಣಗಿಸಿ, ಸುಣ್ಣ ಹೊಡೆದರು. ಶಂಭುಲಿಂಗಯ್ಯ ಬಂದು ನೋಡಿ, "ಇದರಾಗೆ ಊಟ ಬಡಿಸ್ಕಂಡು ತಿನ್ಬೌದು ಕಣಪ್ಪ" ಅಂದರು. ಹೇಳುವ ಮೊದಲು ಗೇಟಿನ ಹತ್ತಿರ ಕೈ ತೊಳೆದೇ ಬಂದಿದ್ದರು, ಅಭ್ಯಾಸಬಲ.

ಹೋದ ಭಾನುವಾರ ಮಧ್ಯಾಹ್ನ ತ್ರೀಫೇಸ್ ಬಂತು. ನೀರು ಬೀಳುವ ಸದ್ದು ಕೇಳಿ ಎಲ್ಲರೂ ತೋಟಕ್ಕೆ ಓಡಿದೆವು. ಭಾನುವಿಗೆ ಈಗ ಒಂಬತ್ತು ತುಂಬುತ್ತಾ ಬಂತು. ಗುಂಗುರು ಕೂದಲು ಕಿವಿ ಮುಚ್ಚುವಷ್ಟು ಬೆಳೆದಿದೆ. ಕಟ್ಟೆಯ ಮೇಲೆ ನಿಂತವಳು ನನ್ನ ಕಡೆ ನೋಡಿದಳು. ಇಳಿಸಲು ನನಗೆ ಕೈ ಬರಲಿಲ್ಲ. ಆ ನೀಲಿ ತುಟಿ ಕಣ್ಣ ಮುಂದೆ ಬಂತು.

"ನೀವೇ ಇಳಿಸ್ಬೇಕು ಅತ್ತೆ" ಅಂದಳು ಅನಿತಾ.

"ಬೇಡ ಕಣವ್ವ, ನೀನೇ ಇಳಿಸು."

"ಇಲ್ಲ. ನೀವೇ."

ಕೈ ಹಿಡಿದು ಇಳಿಸಿದೆ. ಸೊಂಟದವರೆಗೆ ನೀರು ಬಂತು. ಭಾನು ಎರಡೂ ಕೈಯಲ್ಲಿ ನೀರು ಎತ್ತಿ ಅವಳ ತಾಯಿಯ ಮುಖಕ್ಕೆ ಎರಚಿದಳು. ಅನಿತಾ "ಅಯ್ಯಯ್ಯೋ" ಅಂತ ಹಿಂದೆ ಸರಿಯಲು ಹೋಗಿ, ಸರಿಯದೆ, ಉಟ್ಟ ಸೀರೆಯಲ್ಲೇ ತೊಟ್ಟಿಗೆ ಧುಮುಕಿದಳು. ನನ್ನ ಸೊಸೆ ಹೀಗೆ ಮಾಡುತ್ತಾಳೆ ಅಂತ ಯಾರಾದರೂ ಹೇಳಿದ್ದರೆ ನಾನು ನಂಬುತ್ತಿರಲಿಲ್ಲ. ರಂಗನಾಥ ಮೊಬೈಲು ಹಿಡಿದು ನಿಂತ. ನಮ್ಮ ಯಜಮಾನರು ಪೈಪಿನ ಬಾಯಿಗೆ ಅಂಗೈ ಅಡ್ಡ ಇಟ್ಟು ನೀರನ್ನು ಎಲ್ಲರ ಮೇಲೆ ಚಿಮ್ಮಿಸಿದರು. ಭಾನು ನಕ್ಕಳು, ನಕ್ಕು ನಕ್ಕು ಬಗ್ಗಿದಳು, ಕೊನೆಗೆ "ಗೊರ್ರ್" ಅಂದಳು. ಅನಿತಾ ನೀರಿನಲ್ಲಿ ನಿಂತಲ್ಲೇ ನಿಂತು, ಕಣ್ಣು ಮುಚ್ಚಿಕೊಂಡು ಅದನ್ನು ಕೇಳಿದಳು.

ಸುಮಾರು ಹೊತ್ತಾದ ಮೇಲೆ ನಾನು, "ಸಾಕು ಬಾರೇ, ನೆಗಡಿಯಾಗುತ್ತೆ" ಅಂದೆ. ಭಾನು ಈಜಾಡುತ್ತಾ ಕಟ್ಟೆಯ ಹತ್ತಿರ ಬಂದು ನನ್ನ ಕಿವಿಯಲ್ಲಿ ಹೇಳಿದಳು. "ಇನ್ನು ಹತ್ತೇ ನಿಮಿಷ ಅಜ್ಜಿ. ಅಮ್ಮಂಗೆ ಹೇಳ್ಬೇಡ." ಅವಳ ಅಮ್ಮ ಎರಡು ಮಾರು ದೂರದಲ್ಲಿ, ತಲೆಯಿಂದ ನೀರು ಸುರಿಸುತ್ತಾ ನಿಂತಿದ್ದಳು.

"ಹೇಳ್ತೀನಿ ಕಣೇ" ಅಂದೆ. ತೋಟಕ್ಕೆಲ್ಲ ಕೇಳುವ ಹಾಗೆ ಕೂಗಿದೆ. "ಅನಿತಾ! ನಿನ್ನ ಮಗಳು ಇನ್ನೂ ಹತ್ತು ನಿಮಿಷ ಬೇಕು ಅಂತಾಳೆ ಕಣವ್ವ!"

"ಇಪ್ಪತ್ತು ಕೊಡಿ ಅತ್ತೆ" ಅಂದಳು ಅನಿತಾ.